ಹೆಸರಿನ ಕಾಲಂ ಅಳಿಸಿದ ನಾಗಮ್ಮ

ತೆಂಗಿನಗುಂಡಿಯ ಕಡಲ ದಡದಲ್ಲಿ ಮೀನು ಮಾರುವ ನಾಗಮ್ಮ, ನಾನು ತೂಗುಹಾಕಿದ್ದ ಕರಿಹಲಗೆಯ 'ಹೆಸರು' ಎಂಬ ಕಾಲಂ ಅನ್ನು ಒದ್ದೆ ಸೆರಗಿನಿಂದ ಒರೆಸಿಬಿಟ್ಟರು. ಎಪ್ಪತ್ತರ ದಶಕದ ಕೊನೆಯ ಮಾತು. ನೀರೊಳಗಿನ ಯಾವ ಬಂಡೆಗೆ ಸಿಕ್ಕಿ ಬಲೆ ಹರಿಯಿತೆಂದು ಮೀನುಗಾರರು ಅದರಲ್ಲಿ ಬರೆದರೆ ಉಳಿದವರ ಬಲೆಯಾದರೂ ಉಳಿದೀತು ಎಂಬುದು ಶಾಲಾ ಮಾಸ್ತರನಾದ ನನ್ನ ಲೆಕ್ಕಾಚಾರ. ತಿಂಗಳಾದರೂ ಒಬ್ಬರೂ ಬರೆದಿರಲಿಲ್ಲ. ಹಿಂದಿನ ದಿನ ನಾಗಮ್ಮನ ಮಗನ ಹೊಸ ಬಲೆಯೂ ಹರಿದಿತ್ತು.

"ಎಲ್ಲಿ ಹರೀತು ಅಂತ ಬರ್ದ್ರೆ ಸಾಕಲ್ಲ ಮಾಸ್ತ್ರೆ. ಯಾರದ್ದು ಅಂತ ಎಂತಕ್ಕೆ? ಊರವ್ರು ನಗಾಡೂಕಾ?" ಎಂದರು.

ಮರುದಿನ ಹಲಗೆಯಲ್ಲಿ ಐದು ಸಾಲುಗಳಿದ್ದವು.

ಅವರ ಮಗನ ಬಲೆ ಹರಿದ ಬಂಡೆಯನ್ನು ಇಬ್ಬರು ಬರೆದಿದ್ದರು, ಬೇರೆ ಬೇರೆ ಕೈಬರಹದಲ್ಲಿ. ಅಂದರೆ ಅವರಲ್ಲೊಬ್ಬರಿಗೆ ಆ ಬಂಡೆ ಮೊದಲೇ ಗೊತ್ತಿತ್ತು; ಹೆಸರು ಬರೆಯಬೇಕಲ್ಲ ಎಂದು ಸುಮ್ಮನಿದ್ದರು. ಯಾರೆಂದು ನಾಗಮ್ಮ ಕೇಳಲಿಲ್ಲ, ನಾನೂ ಕೇಳಲಿಲ್ಲ.