ಸಿದ್ದರಾಜು ಅಳೆದ ಎಂಟು ನಿಮಿಷ

ಉತ್ತರಹಳ್ಳಿಯ ಸಿದ್ದರಾಜು ಮಹಾ ಕಿರಿಕಿರಿ ಮನುಷ್ಯ, ಸ್ವಾಮಿ. ಬನಶಂಕರಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ. "ಯಾವ ಪ್ರೊಸೆಸರ್ ಫಾಸ್ಟು?" ಅಂತ ಕೇಳಿದರೆ ಬೇರೆಯವರು ಒಂದನ್ನು ತೋರಿಸಿ ಬಿಲ್ ಹಾಕ್ತಾರೆ. ಇವನು "ಎರಡು ದಿನ ಬಿಟ್ಟು ಬನ್ನಿ" ಅಂತಾನೆ. ಒಂದೇ ಕ್ಯಾಬಿನೆಟ್ಟು, ಒಂದೇ ಫ್ಯಾನು, ಒಂದೇ ಸಾಫ್ಟ್‌ವೇರು. ಒಂದೇ ಮದುವೆ ವಿಡಿಯೋವನ್ನು ಮೂರು ಮೂರು ಸಲ ಎನ್‌ಕೋಡ್ ಮಾಡಿಸಿ ನೋಡ್ತಾನೆ. ಧಾರೆ ಹೊತ್ತಿನ ತುಣುಕು ಅದು. ಅಕ್ಷತೆ ಹಾರಾಡೋದು, ಜರಿ ಸೀರೆ ಮಿನುಗೋದು ಕೆಡದಂತೆ ಫೈಲ್ ಚಿಕ್ಕದು ಮಾಡೋವಾಗಲೇ ಪ್ರೊಸೆಸರ್‌ಗೆ ಬೆವರಿಳಿಯೋದು. ಬೇಗ ಮುಗಿಸಿದರೂ ಮದುಮಗಳ ಮುಖ ಕಲಸಿಹೋಗಿದ್ದರೆ ಅದು ಇವನ ಲೆಕ್ಕದಲ್ಲಿ ಫೇಲು.

ಆ ತುಣುಕು ಹಿಂದೊಮ್ಮೆ ಕೊಟ್ಟವಳು ಬೇಗೂರಿನ ಸುಧಾಮಣಿ. ಮದುವೆ ವಿಡಿಯೋ ತೆಗೆದು, ತಾನೇ ಎಡಿಟ್ ಮಾಡಿ ಬದುಕೋಳು. ದಸರಾ ಕಳೀತಿದ್ದ ಹಾಗೇ ಹೊಸ ಕಂಪ್ಯೂಟರ್ ಬೇಕು ಅಂತ ಬಂದಳು. ಅಂಗಡಿಯಲ್ಲಿ ಇದ್ದದ್ದು ಹೋದ ವರ್ಷದ ಪ್ರೊಸೆಸರ್ ಒಂದು, ಈ ವರ್ಷದ ದುಬಾರಿಯದು ಒಂದು.

"ದುಬಾರೀದು ತಗೊಂಡ್ರೆ ಹೊಸ ಕ್ಯಾಮೆರಾ ಆಸೆ ಬಿಡ್ಬೇಕು ಸಾರ್. ನೀವು ಹೇಳಿದ್ದೇ ಫೈನಲ್," ಅಂದಳು.

ಮೊದಲ ದಿನ ಹಳೇದನ್ನು ಅಳೆದ, ಎಂಟು ನಿಮಿಷ ಬಂತು. ಮರುದಿನ ಹೊಸದು, ಐದೇ ನಿಮಿಷ. ಮೂರೂ ಸಲ ಅಷ್ಟೇ. ಇನ್ನೇನು ಅನುಮಾನ? ಸಂಜೆ ಫೋನ್ ಮಾಡಿ ಹೇಳಿಯೂಬಿಟ್ಟ. "ಸರಿ ಸಾರ್, ಹಂಗಾದ್ರೆ ದುಬಾರೀದೇ ಎತ್ತಿಡಿ," ಅಂದಳು ಸಣ್ಣ ದನಿಯಲ್ಲಿ.

ಮಾರನೇ ದಿನ ಅಂಗಡಿ ಗುಡಿಸೋ ಮಾರಮ್ಮ ಟೀ ಕುಡೀತಾ ಗೊಣಗಿದಳು. "ಆಯುಧಪೂಜೆಗೆ ಆ ಟೆಸ್ಟ್ ಪೆಟ್ಟಿಗೆಗೆ ಅಷ್ಟು ದಪ್ಪ ಹಾರ ಯಾಕ್ ಹಾಕ್ತೀರಣ್ಣ? ನಿನ್ನೆ ಬೆಳಿಗ್ಗೆ ತೆಗೆಯೋಷ್ಟರಲ್ಲಿ ಸಾಕಾಗೋಯ್ತು. ಚೆಂಡುಹೂವೆಲ್ಲ ಜಾಲರಿಗೇ ಕಚ್ಕೊಂಡಿತ್ತು."

ಸಿದ್ದರಾಜು ಎದ್ದು ಪೆಟ್ಟಿಗೆ ಹತ್ತಿರ ಓಡಿದ. ಅಯ್ಯೋ ಶಿವನೇ! ಕ್ಯಾಬಿನೆಟ್ ಒಳಗೆ ಗಾಳಿ ಹೋಗೋದೇ ಆ ಜಾಲರಿಯಿಂದ. ಹಳೇ ಪ್ರೊಸೆಸರ್ ಹಾರದ ಹಿಂದೆ ಉಸಿರುಕಟ್ಟಿ, ಕಾದು, ಕುಂಟಿತ್ತು. ಹೊಸದು ಓಡೋ ಹೊತ್ತಿಗೆ ಮಾರಮ್ಮ ಹಾರ ಕಿತ್ತಿದ್ದಳು. ಭಕ್ತಿಯಿಂದ ಅದನ್ನು ಹಾಕಿದ್ದು ಇವನೇ! ಮೂರು ಸಲ ಅಳೆದು ಏನು ಬಂತು, ಮೂರು ಸಲವೂ ಅದೇ ಅನ್ಯಾಯ ಮಾಡಿದ್ದ.

ಅವತ್ತೇ ಮತ್ತೆ ಅಳೆದ. ಹಳೇದು ಐದೂವರೆ ನಿಮಿಷಕ್ಕೆ ಮುಗಿಸಿತು. ತಕ್ಷಣ ಸುಧಾಮಣಿಗೆ ಫೋನ್ ಮಾಡಿದ. "ಮೇಡಂ, ನಾನು ಹೇಳಿದ್ದು ತಪ್ಪು. ಹೂವಿನ ಹಾರ ತೆಗೀದೇ ಟೆಸ್ಟ್ ಮಾಡ್ಬಿಟ್ಟೆ. ಹಳೇದೇ ನಿಮಗೆ ಸಾಕು."

"ನಾಳೆ ಬರ್ತೀನಿ," ಅಂದಳು, ಫೋನ್ ಇಟ್ಟಳು. ಇಷ್ಟು ವರ್ಷದ ಹೆಸರು ಹೋಯ್ತಲ್ಲಪ್ಪ ಅಂತ ಸಿದ್ದರಾಜು ಊಟ ಕೂಡ ಬಿಟ್ಟ.

ಬೆಳಿಗ್ಗೆ ಅವನು ಷಟರ್ ಎತ್ತೋ ಹೊತ್ತಿಗೆ ಸುಧಾಮಣಿ ಹೊರಗೆ ನಿಂತಿದ್ದಳು. "ನನ್ನೆದುರಿಗೆ ಇನ್ನೊಂದ್ಸಲ ಮಾಡಿ ಸಾರ್," ಅಂತ ಸ್ಟೂಲ್ ಎಳೆದು ಪಕ್ಕದಲ್ಲೇ ಕೂತಳು. ಎರಡಕ್ಕೂ ಕ್ವಾಲಿಟಿ ಒಂದೇನಾ, ರೂಮಿನ ಸೆಕೆ ಒಂದೇನಾ ಅಂತ ಪ್ರಶ್ನೆ ಮೇಲೆ ಪ್ರಶ್ನೆ. ಮಧ್ಯಾಹ್ನದ ಹೊತ್ತಿಗೆ ಮತ್ತದೇ ಐದು, ಐದೂವರೆ.

"ಹಳೇದೇ ಕೊಡಿ. ಇನ್ಮೇಲೆ ಟೆಸ್ಟ್ ಇದ್ದಾಗ ನನ್ನನ್ನೂ ಕರೀರಿ. ಒಬ್ರೇ ನೋಡಿದ್ರೆ ಯಾರಿಗಾದ್ರೂ ತಪ್ಪಾಗತ್ತೆ."

ಇಷ್ಟು ವರ್ಷ ಎಲ್ಲರೂ ಉತ್ತರ ಇಸ್ಕೊಂಡು ಹೋಗಿದ್ದರು. ಹೇಗೆ ಅಳೆದ್ರಿ ಅಂತ ಪಕ್ಕ ಕೂತು ಕೇಳಿದವಳು ಇವಳೊಬ್ಬಳೇ. ಸಿದ್ದರಾಜು ಅವಳಿಗೆ ಕೈ ಮುಗಿದ. ಒಳಗೆ ಹೋಗಿ ಇನ್ನೊಂದು ಸ್ಟೂಲ್ ತಂದು, ಬಾಗಿಲ ಹತ್ತಿರ ಪೊರಕೆ ಹಿಡಿದು ನಿಂತಿದ್ದವಳ ಮುಂದೆ ಹಾಕಿದ.

"ಕೂತ್ಕೊ ಮಾರಮ್ಮ. ನೀನು ಬಾಯಿ ಬಿಡದೇ ಇದ್ದಿದ್ರೆ ಈ ಹೆಣ್ಮಗಳ ಕ್ಯಾಮೆರಾ ನಾನೇ ನುಂಗಿಬಿಡ್ತಿದ್ದೆ ಕಣಮ್ಮ."