ಕುಂಟೆ ಹೊಡೆದ ಹೊಲ

ಕೆಂಭಾವಿ ಕಡೆಯ ನಮ್ಮ ಕಪ್ಪುಮಣ್ಣಿನ ಎರೆಹೊಲದಲ್ಲಿ ಗಾಳಿಯಂತ್ರ ಕೂರಿಸುತ್ತಾರೆಂದಾಗ ನಾನು ಮಣ್ಣು ಪರೀಕ್ಷೆಯ ತಂಡದಲ್ಲಿ ಚೀಟಿ ಬರೆಯುವ ಕೆಲಸದಲ್ಲಿದ್ದೆ. ಮಣ್ಣಿನ ಚೀಲಕ್ಕೆ ಹೊಲದ ಗುರುತು, ಆಳ ಬರೆದು ಕಟ್ಟಬೇಕು, ಅಷ್ಟೆ. ನಮ್ಮ ಹೊಲವೇ ಬರುತ್ತದೆಂದು ಕನಸಲ್ಲೂ ಎಣಿಸಿರಲಿಲ್ಲ.

ಕಲ್ಲಿದ್ದಲು ಸುಟ್ಟು ಸುಟ್ಟು ಬಿಸಿಲು ಹೆಚ್ಚಾಗಿದೆ, ಇನ್ನು ಗಾಳಿಯಿಂದಲೂ ಕರೆಂಟು ಮಾಡಬೇಕು ಎಂದು ನಮ್ಮ ತಂಡದ ಎಂಜಿನಿಯರ್ ಮೇಡಂ ಅಪ್ಪನಿಗೆ ವಿವರಿಸಿದರು. ಅಪ್ಪನಿಗೆ ಅದೇನು ಹೊಸ ಸುದ್ದಿಯಲ್ಲ. ಮಳೆಗಾಲದ ನಡುವೆಯೇ ನೆಲ ಬಾಯಿ ಬಿಡತೊಡಗಿತ್ತು. ಕಾಲುವೆ ಪಕ್ಕದ ತುದಿ ಮಾತ್ರ ಸದಾ ಹಸಿ. ಒಂದೇ ಹೊಲದಲ್ಲಿ ಎರಡು ಕಾಲ. ಯಾವಾಗ ಏನು ಬಿತ್ತಬೇಕೆಂದು ಅಪ್ಪನೇ ತಬ್ಬಿಬ್ಬಾಗಿದ್ದ.

ಇಲ್ಲಿ ಬಿರುಕು ಎಷ್ಟು ಬಿಡುತ್ತದೆ ಎಂದು ಮೇಡಂ ಕೇಳಿದರು.

"ನಮ್ಮ ಹೊಲದಾಗ ಬಿರುಕು ಇಲ್ರಿ," ಅಂದ ಅಪ್ಪ.

ನಾನು ಬರೆಯುತ್ತಿದ್ದ ಚೀಟಿ ಅರ್ಧಕ್ಕೇ ನಿಂತಿತು. ಬಿರುಕು ಕಾಣುತ್ತಿರಲಿಲ್ಲ, ನಿಜ. ಹಿಂದಿನ ದಿನವಷ್ಟೇ ಎತ್ತು ಕಟ್ಟಿ, ಕುಂಟೆ ಹೊಡೆದು, ಎಲ್ಲವನ್ನೂ ಪುಡಿಮಣ್ಣಿನಿಂದ ಮುಚ್ಚಿದ್ದ. ನಮ್ಮ ಕಡೆ ಬಿರುಕು ಬಿಟ್ಟ ಹೊಲವೆಂದರೆ ಮೈಗಳ್ಳನ ಹೊಲ. ಬೀಗರು ಬರುತ್ತಾರೆಂದು ಮನೆ ಸಾರಿಸಿದ ಹಾಗೆ ಹೊಲವನ್ನು ಸಜ್ಜು ಮಾಡಿಟ್ಟಿದ್ದ. ಆದರೆ ನಾನು ಸಣ್ಣವಳಿದ್ದಾಗ ನನ್ನ ಕಾಲ್ಚೈನು ಅಲ್ಲಿನ ಬಿರುಕಿಗೇ ಬಿದ್ದು, ಅಪ್ಪ ಹೆಗಲವರೆಗೆ ಕೈ ತೂರಿಸಿದರೂ ಸಿಕ್ಕಿರಲಿಲ್ಲ.

ಬಿರುಕು ಇಳಿದಷ್ಟು ಆಳಕ್ಕೂ ಈ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ; ಆ ಆಳ ಸರಿಯಾಗಿ ತಿಳಿಯದಿದ್ದರೆ ಬುನಾದಿ ಅಲುಗುತ್ತದೆ, ಯಂತ್ರ ವಾಲುತ್ತದೆ. ಅದರ ಕೆಳಗೆ ಹತ್ತಿ ಬಿಡಿಸುವವರು ನಮ್ಮ ಓಣಿಯ ಹೆಂಗಸರೇ. ಹೇಳಿದರೆ ಅಪ್ಪನ ಮರ್ಯಾದೆ ಹೋಗುತ್ತದೆ, ಅದೂ ಮಗಳ ಬಾಯಿಂದ. ಸುಮ್ಮನಿದ್ದರೆ? ನನಗೆ ದಿಕ್ಕೇ ತೋಚಲಿಲ್ಲ. ಅಪ್ಪನ ಮೇಲೆ ಸಿಟ್ಟೂ ಬಂತು. ಇಷ್ಟು ಅಚ್ಚುಕಟ್ಟು ಯಾರು ಕೇಳಿದ್ದರು?

ಕೊನೆಗೆ, ಅಪ್ಪನ ಮುಖ ನೋಡದೆ, ಕಾಲ್ಚೈನಿನ ಕತೆಯನ್ನೂ ಕುಂಟೆಯ ಸಂಗತಿಯನ್ನೂ ಮೇಡಂಗೆ ಹೇಳಿಬಿಟ್ಟೆ. ಅವರು ನಗಲಿಲ್ಲ. ಇನ್ನೂ ಆಳಕ್ಕೆ ಕೊರೆಸಿದರು, ಬೇಸಿಗೆಯಲ್ಲಿ ಬಂದು ಬಿರುಕು ಅಳೆಯುತ್ತೇನೆಂದು ಹೇಳಿ ಹೋದರು. ಅಪ್ಪ ನನ್ನೊಡನೆ ಮಾತು ಬಿಟ್ಟ. ನಾನು ಮಾಡಿದ್ದು ಸರಿಯೋ ತಪ್ಪೋ, ತಿಂಗಳುಗಟ್ಟಲೆ ನನಗೇ ತಿಳಿಯಲಿಲ್ಲ.

ಬೇಸಿಗೆ ಬಂತು. ಮೇಡಂ ಬರುವ ಹಿಂದಿನ ದಿನ ಅಪ್ಪ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ. ಕುಂಟೆ ಗೋಡೆಗೆ ಒರಗಿತ್ತು. ಎತ್ತು ಕಟ್ಟುವುದಿಲ್ಲವೇ ಎಂದು ಕೇಳಿದೆ.

"ಇರಲಿ ಬಿಡು, ಅವರು ನೋಡಲಿ," ಅಂದ, ಹೊಲದ ಕಡೆಗೇ ನೋಡುತ್ತ. "ಹಿಂಗ ಬಾಯಿ ಬಿಟ್ಟ ಹೊಲ ತೋರಸಾಕ ನನಗ ಖರೇನ ನಾಚಿಕಿ ಬರಾಕತ್ತೈತಿ."