ಇನ್‌ಕ್ಯುಬೇಟರ್ ಮೇಲಿಟ್ಟ ಚೆಂಡುಹೂವು

ಆಯುಧಪೂಜೆಯ ದಿನ ನಾನು ಮಾಡಿದ್ದನ್ನು ನಮ್ಮಜ್ಜಿ ಕೇಳಿದ್ದರೆ ಅದನ್ನು ತಪ್ಪೆಂದೇ ಅನ್ನುತ್ತಿರಲಿಲ್ಲ. "ಮುತ್ತೈದೆಗೆ ಹಬ್ಬದ ದಿನ ಹೂವಿಟ್ಟಿದ್ದೀಯ, ಅದ್ರಲ್ಲೇನು ತಪ್ಪು ಕಣೇ?" ಎಂದು ನನ್ನ ಪರವೇ ವಹಿಸುತ್ತಿದ್ದಳು. ಆದರೆ ಆ ಮುತ್ತೈದೆ ಆಗ ಇದ್ದದ್ದು ಒಂದು ಬೆಚ್ಚಗಿನ ಪೆಟ್ಟಿಗೆಯೊಳಗೆ, ಅಂಗೈಯಗಲದ ಎರಡು ಪ್ಲಾಸ್ಟಿಕ್ ತಟ್ಟೆಗಳಲ್ಲಿ. ಅವಳು ನನ್ನ ಅಕ್ಕ.

ಜಯಲಕ್ಷ್ಮಿಪುರಂನ ಕಡೆ ಇರುವ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಜೀವಕೋಶಗಳಿಗೆ ದಿನವೂ ಹೊಸ ಆಹಾರದ ದ್ರವ ಹಾಕುವುದು, ಹಳೆಯದನ್ನು ತೆಗೆಯುವುದು, ಸೂಕ್ಷ್ಮದರ್ಶಕದಲ್ಲಿ ನೋಡಿ ಅವು ಹೇಗಿವೆ ಎಂದು ಬರೆದಿಡುವುದು ನನ್ನ ಕೆಲಸ. ನಮ್ಮ ಬಾಯಲ್ಲಿ ಇದಕ್ಕೆ ಊಟ ಹಾಕುವುದು ಅಂತಲೇ ಹೆಸರು. ಭಾನುವಾರವಾದರೂ ಹಬ್ಬವಾದರೂ ಊಟ ತಪ್ಪುವ ಹಾಗಿಲ್ಲ.

ಅಕ್ಕ ಒಂದು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂದು ಬಿದ್ದಿದ್ದಳು. ಹೃದಯದ ಡಾಕ್ಟರು ಪರೀಕ್ಷೆ ಮಾಡಿಸಿದಾಗ ಅವಳ ಒಂದು ಜೀನಿನಲ್ಲಿ ಏನೋ ಬದಲಾವಣೆ ಕಂಡಿತು. ಅದು ಕೆಟ್ಟದ್ದೋ, ಸುಮ್ಮನೆ ಇರುವಂಥದ್ದೋ ಅವರಿಗೂ ಹೇಳಲಾಗಲಿಲ್ಲ. ಅಕ್ಕನ ಮಗಳಲ್ಲೂ ಅದೇ ಬದಲಾವಣೆ ಇತ್ತು. ನಮ್ಮ ಲ್ಯಾಬಿನ ಮೇಡಂ ಇಂಥದ್ದನ್ನೇ ಅಭ್ಯಾಸ ಮಾಡುವವರು. ಕೇಳಿದಾಗ ಅಕ್ಕ ರಕ್ತ ಕೊಟ್ಟಳು. ಆ ರಕ್ತದ ಕೋಶಗಳನ್ನು ಹಿಂದಕ್ಕೆ ತಿರುಗಿಸಿ, ಏನು ಬೇಕಾದರೂ ಆಗಬಲ್ಲ ಕಾಂಡಕೋಶಗಳನ್ನಾಗಿ ಮಾಡಿ, ಅವುಗಳಿಂದ ಹೃದಯದ ಕೋಶಗಳನ್ನು ಬೆಳೆಸಿ, ಅವು ಹೇಗೆ ಬಡಿಯುತ್ತವೆ ಎಂದು ನೋಡುವುದು ಉದ್ದೇಶ.

"ಮೊಸರನ್ನು ವಾಪಸ್ ಹಾಲು ಮಾಡೋ ಹಂಗೆ ಕಣಕ್ಕ" ಎಂದು ನಾನು ಅವಳಿಗೆ ವಿವರಿಸಿದ್ದೆ.

"ಅಷ್ಟೆಲ್ಲಾ ಬರುತ್ತಾ ನಿಂಗೆ? ಹಂಗಾದ್ರೆ ನನ್ನೇ ಪೂರ್ತಿ ಹಿಂದಕ್ಕೆ ತಿರುಗಿಸ್ಬುಡು. ಮಂಡಿ ನೋವಾದ್ರೂ ಹೋಗ್ಲಿ" ಎಂದು ಅವಳು ನಕ್ಕಿದ್ದಳು.

ರಕ್ತ ಕೊಟ್ಟು ಎರಡು ತಿಂಗಳಾಗಿರಲಿಲ್ಲ. ಒಂದು ಬೆಳಗ್ಗೆ ಕಾಫಿಯ ಲೋಟ ಕೆಳಗಿಟ್ಟವಳು ಮತ್ತೆ ಅದನ್ನು ಎತ್ತಿಕೊಳ್ಳಲಿಲ್ಲ.

ಅಕ್ಕನ ಮಗಳು ಮಕ್ಕಳಿಗೆ ಈಜು ಕಲಿಸುತ್ತಾಳೆ. ದಿನಕ್ಕೆ ನಾಲ್ಕು ಗಂಟೆ ನೀರಿನಲ್ಲೇ ಇರುವವಳು. ಆ ಜೀನಿನ ವಿಷಯ ತೀರ್ಮಾನವಾಗುವವರೆಗೆ ನೀರಿಗಿಳಿಯುವುದು ಬೇಡ ಎಂದು ಡಾಕ್ಟರು ಹೇಳಿದ್ದರು. ಅವಳು ಕೇಳಲಿಲ್ಲ. "ನನ್ನ ಈಸಿಜಿ ಸರಿಯಾಗೇ ಇದೆಯಲ್ಲ ಚಿಕ್ಕಮ್ಮ. ಅಮ್ಮಂಗೆ ಆಗಿದ್ದು ಇದರಿಂದಾನೇ ಅಂತ ತೋರಿಸಿ, ಆವಾಗ ಬಿಡ್ತೀನಿ" ಎನ್ನುತ್ತಿದ್ದಳು. ಪ್ರತಿ ಸಂಜೆ ಕೊಳದಿಂದ ಮೇಲೆ ಬಂದ ಕೂಡಲೇ ಫೋನ್ ಮಾಡುವ ಒಪ್ಪಂದ ನಮ್ಮಿಬ್ಬರಲ್ಲಿ ಇತ್ತು. "ಬಂದೆ ಚಿಕ್ಕಮ್ಮ, ಇವತ್ತೂ ಮುಳುಗಲಿಲ್ಲ" ಎನ್ನುವಳು. ಅವಳಿಗದು ತಮಾಷೆ. ಆರು ಗಂಟೆ ದಾಟಿ ಐದು ನಿಮಿಷವಾದರೆ ನಾನು ಫೋನನ್ನೇ ನೋಡುತ್ತ ನಿಲ್ಲುತ್ತಿದ್ದೆ.

ಮೊದಲ ಸಲ ಅಕ್ಕನ ಕೋಶಗಳು ತಿರುಗಲೇ ಇಲ್ಲ, ಸತ್ತವು. ಉಳಿದಿದ್ದ ರಕ್ತವನ್ನೆಲ್ಲ ಹಾಕಿ ಎರಡನೆಯ ಸಲ ಶುರುಮಾಡಿದೆವು. ಇನ್ನೊಂದು ಹನಿ ಬೇಕೆಂದರೆ ಕೊಡಲು ಅಕ್ಕ ಇರಲಿಲ್ಲ. ನಾಲ್ಕನೆಯ ವಾರದಲ್ಲಿ ತಟ್ಟೆಯ ತಳದಲ್ಲಿ ದುಂಡುದುಂಡಗೆ, ಅಂಚು ಕತ್ತರಿಸಿದಂತೆ ಗುಂಪುಗಳು ಕಂಡಾಗ ಮೇಡಂ ನನ್ನ ಭುಜ ಹಿಡಿದುಕೊಂಡರು. ಅವನ್ನು ಆರಿಸಿ, ಆರಾರು ಗುಳಿಗಳಿರುವ ಎರಡು ತಟ್ಟೆಗಳಿಗೆ ಬಿಟ್ಟೆ. ಫ್ರೀಜ್ ಮಾಡಿ ಕಾಪಿಡುವಷ್ಟು ಬೆಳೆಯಲು ಇನ್ನೂ ಹತ್ತು ದಿನ ಬೇಕಿತ್ತು. ಅಷ್ಟರಲ್ಲಿ ದಸರಾ ಬಂತು.

ನಮ್ಮಲ್ಲಿ ಆಯುಧಪೂಜೆ ಜೋರು. ತಕ್ಕಡಿಗೆ, ಸೆಂಟ್ರಿಫ್ಯೂಜಿಗೆ, ಫ್ರಿಜ್ಜಿಗೆ ಎಲ್ಲಕ್ಕೂ ಅರಿಶಿನ ಕುಂಕುಮ, ಹೂವಿನ ಹಾರ. ಕೋಶಗಳನ್ನು ಬೆಳೆಸುವ ಕೋಣೆಗೆ ಮಾತ್ರ ಪೂಜೆ ಹೊರಬಾಗಿಲಿಗೇ ಮುಗಿಯಬೇಕು. ಬೂಸ್ಟಿನ ಕಣ ಹೊತ್ತು ತರುವ ಹೂವು ಒಳಗೆ ಹೋಗಬಾರದು, ಹೊಗೆ ಹೋಗಬಾರದು. ಈ ನಿಯಮವನ್ನು ಹೊಸಬರಿಗೆ ಹೇಳಿಕೊಡುತ್ತಿದ್ದವಳೇ ನಾನು.

ಪೂಜೆ ಮುಗಿದು ಎಲ್ಲರೂ ಪುರಿ, ಸಿಹಿ ಹಂಚಿಕೊಳ್ಳುತ್ತಿದ್ದಾಗ ನಾನು ಊಟ ಹಾಕಲು ಒಳಗೆ ಹೋದೆ. ತಟ್ಟೆಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಬಾಗಿಲು ಮುಚ್ಚಿ ನಿಂತವಳಿಗೆ ಅದು ಬೋಳುಬೋಳಾಗಿ ಕಂಡಿತು. ಅಕ್ಕ ಹೂವಿಲ್ಲದೆ ಒಂದು ಹಬ್ಬ ಕಳೆದವಳಲ್ಲ. ಮುತ್ತೈದೆಯಾಗಿ ಹೋದವಳು. ಹೊರಗಿನ ಹಾರದಿಂದ ಒಂದೇ ಒಂದು ಚೆಂಡುಹೂವು ಬಿಡಿಸಿ ತಂದು ಆ ಪೆಟ್ಟಿಗೆಯ ತಲೆಯ ಮೇಲಿಟ್ಟೆ. ಕೈಮುಗಿದೆ. ಹೋಗುವಾಗ ತೆಗೆಯಬೇಕು ಅಂದುಕೊಂಡಿದ್ದೆ, ಮರೆತೆ.

ಮಾರನೆಯ ದಿನ ವಿಜಯದಶಮಿ. ನನ್ನ ಮನೆ ನಜರಬಾದಿನಲ್ಲಿ. ಜಂಬೂಸವಾರಿಗೆ ದಾರಿಗಳನ್ನೆಲ್ಲ ಕಟ್ಟಿದ್ದರು. ಅಡ್ಡಗಟ್ಟೆಯ ಹತ್ತಿರ ಪೊಲೀಸಿನವರು ತಡೆದರು.

"ಎಲ್ಲಿಗಮ್ಮ? ಎಲ್ರೂ ಆನೆ ನೋಡಕ್ಕೆ ಈ ಕಡೆ ಬತ್ತಾ ಇದ್ರೆ ನೀವು ಆ ಕಡೆ ಹೊರಟಿದ್ದೀರಿ?"

"ಊಟ ಹಾಕ್ಬೇಕು ಸಾರ್, ಅಕ್ಕಂಗೆ. ತಾನಾಗಿ ತಿನ್ನಕ್ಕಾಗಲ್ಲ ಅವಳಿಗೆ."

"ಅಯ್ಯೋ, ಹಂಗಾದ್ರೆ ಹೋಗಿ ಹೋಗಿ. ಇಂಥೋರ ಪುಣ್ಯದಿಂದಾನೇ ಮಳೆ ಬೆಳೆ ಆಗ್ತಿರೋದು" ಎಂದು ದಾರಿ ಬಿಟ್ಟರು.

ನಗುತ್ತಲೇ ಲ್ಯಾಬ್ ಸೇರಿದೆ. ಕೋಣೆಯೊಳಗೆ ಹೋದ ಕೂಡಲೇ ಹೂವು ಕಂಡಿತು. ಎಸಳುಗಳು ಬಾಗಿಲಿನ ರಬ್ಬರಿನ ಮೇಲೆ ಉದುರಿದ್ದವು. ಒರೆಸಿದೆ, ಸ್ಪಿರಿಟ್ ಹಾಕಿ ಮತ್ತೆ ಮತ್ತೆ ಒರೆಸಿದೆ. ತಟ್ಟೆಗಳು ತಿಳಿಯಾಗಿದ್ದವು. ಏನೂ ಆಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಅದರ ಮರುದಿನ ಬೆಳಗ್ಗೆ ಮೊದಲ ತಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಅಕ್ಕನ ಕೋಶಗಳ ಗುಂಪಿನ ಪಕ್ಕದಲ್ಲಿ ಕೂದಲಿಗಿಂತ ಸಣ್ಣ ಎಳೆಯೊಂದು ಕವಲೊಡೆದು ಹರಡಿತ್ತು. ಬೂಸ್ಟು. ಆರು ಗುಳಿಗಳಲ್ಲಿ ಮೂರರಲ್ಲಿ. ಅಲ್ಲೇ ಸ್ಟೂಲಿನ ಮೇಲೆ ಕುಳಿತೆ.

ಆಗ ನನ್ನ ತಲೆಯಲ್ಲಿ ಬಂದದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಬೂಸ್ಟು ಯಾವ ಲ್ಯಾಬಿಗೂ ಬರುತ್ತದೆ. ಎಸಳುಗಳನ್ನು ನಾನು ಆಗಲೇ ಬಿಸಾಡಿದ್ದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಎರಡನೆಯ ತಟ್ಟೆ ಇನ್ನೂ ಅದೇ ಪೆಟ್ಟಿಗೆಯಲ್ಲಿತ್ತು. ಎಲ್ಲಿಂದ ಬಂತೆಂದು ಹೇಳದಿದ್ದರೆ ಮೇಡಂ ಹುಡುಕಬೇಕಾದ ಕಡೆ ಹುಡುಕುವುದಿಲ್ಲ, ಅದೂ ಹೋಗುತ್ತದೆ. ಅದು ಹೋದರೆ ಆ ಹುಡುಗಿ ದಿನವೂ ನೀರಿಗಿಳಿಯುತ್ತಲೇ ಇರುತ್ತಾಳೆ.

ಮೇಡಂ ಕೋಣೆಗೆ ಹೋಗಿ, "ಮೇಡಂ, ಒಳಗೆ ಹೂವಿಟ್ಟುಬಿಟ್ಟಿದ್ದೆ. ತಟ್ಟೆಗೆ ಬೂಸ್ಟು ಬಂದಿದೆ" ಎಂದೆ.

ಅವರು ಕನ್ನಡಕ ತೆಗೆದು, "ನೀವಾ? ನೀವು ಹಿಂಗೆ ಮಾಡಿದ್ರಾ?" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಡೀರಿ, ಅಳೋದು ಆಮೇಲೆ. ಎರಡನೇದು ಹೆಂಗಿದೆ ನೋಡೋಣ."

ಎರಡನೆಯ ತಟ್ಟೆ ಕಣ್ಣಿಗೆ ಶುದ್ಧವಾಗಿತ್ತು. ಅದನ್ನು ಬೇರೆ ಕೋಣೆಯ ಸಣ್ಣ ಇನ್‌ಕ್ಯುಬೇಟರಿಗೆ ಸಾಗಿಸಿದೆವು. ಮೊದಲನೆಯದನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. "ನಾನು ಮಾಡ್ಲಾ?" ಎಂದು ಮೇಡಂ ಕೇಳಿದರು. ಬೇಡವೆಂದೆ. ಆರು ಗುಳಿಗಳಿಗೂ ನಾನೇ ಬ್ಲೀಚ್ ಸುರಿದೆ. ಗುಲಾಬಿ ಬಣ್ಣದ ದ್ರವ ನೋಡುನೋಡುತ್ತಲೇ ಬಿಳಿಚಿಕೊಂಡಿತು. ಅಕ್ಕನ ಬಾಯಿಗೆ ಕೊನೆಯ ಹಾಲು ಬಿಟ್ಟದ್ದೂ ಇದೇ ಕೈ.

ಅಂದು ಸಂಜೆ ಫೋನ್ ಬಂದಾಗ ಅಕ್ಕನ ಮಗಳಿಗೂ ಹೇಳಿದೆ.

"ಹೂವಿಟ್ಟು ಅಮ್ಮನ್ನ ಇನ್ನೊಂದು ಸಲ ಕಳಿಸ್ಬಿಡ್ತಿದ್ರಲ್ಲ ಚಿಕ್ಕಮ್ಮ!" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಇನ್ನೊಂದು ತಟ್ಟೆ ಇದೆ ತಾನೆ?"

"ಇದೆ ಕಣಮ್ಮ. ಇವತ್ತಿಗೆ ಇದೆ."

ಅದಾದ ಮೇಲೆ ಒಂದು ವಾರ ನಾನು ಬದುಕಿದ್ದು ದಿನಕ್ಕೆರಡು ಸಲ, ಆ ತಟ್ಟೆಯನ್ನು ನೋಡುವಾಗ. ಬಾಗಿಲು ತೆರೆಯುವ ಮುಂಚೆ ಮೊಣಕೈವರೆಗೆ ಕೈ ತೊಳೆಯುತ್ತಿದ್ದೆ, ತಲೆಗೆ ಎರಡು ಟೋಪಿ ಹಾಕುತ್ತಿದ್ದೆ, ಉಸಿರು ಬಿಡಲೂ ಹೆದರುತ್ತಿದ್ದೆ. ತೇಲುವ ಧೂಳಿನ ಕಣವೊಂದು ಕಂಡರೂ ಎಳೆಯೇನೋ ಎಂದು ಮತ್ತೆ ಮತ್ತೆ ನೋಡುತ್ತಿದ್ದೆ. ಮಲ್ಲಿಗೆ ಮುಡಿಯುವುದನ್ನೂ ಬಿಟ್ಟೆ. ಎಳೆ ಕಾಣಿಸಲಿಲ್ಲ. ಗುಂಪುಗಳು ದೊಡ್ಡವಾದವು. ಕೋಶಗಳನ್ನು ತಟ್ಟೆಗೆ ಬಿಟ್ಟ ಹನ್ನೊಂದನೆಯ ದಿನ ಮೇಡಂ ಮತ್ತು ನಾನು ಅಕ್ಕನನ್ನು ಪುಟ್ಟ ಸೀಸೆಗಳಿಗೆ ತುಂಬಿ ದ್ರವ ಸಾರಜನಕದ ಕೊಪ್ಪರಿಗೆಗೆ ಇಳಿಸಿದೆವು. ಅವತ್ತು ಹೊಟ್ಟೆ ತುಂಬ ಉಂಡೆ.

ಕೋಶಗಳು ಸಾಯುತ್ತವೆ ಎನ್ನುವ ಹೆದರಿಕೆ ಹೋದ ಮೇಲೆ ಅವು ಏನು ಹೇಳುತ್ತವೋ ಎನ್ನುವ ಹೆದರಿಕೆ ಹಿಡಿಯಿತು. ಉಳಿಸಿಕೊಂಡ ಸ್ವಲ್ಪ ಕೋಶಗಳನ್ನು ಹೃದಯದ ಕೋಶಗಳಾಗುವ ದಾರಿಗೆ ಹಚ್ಚಿದೆವು. ಹತ್ತು ದಿನಕ್ಕೆ ತಟ್ಟೆಯಲ್ಲಿ ಒಂದು ಮೂಲೆ ಮಿಸುಕಿತು. ಆಮೇಲೆ ಇಡೀ ಪದರವೇ ಬಡಿಯತೊಡಗಿತು. ಮೇಡಂ ಆ ಬಡಿತವನ್ನು ವಾರಗಟ್ಟಲೆ ಅಳೆದರು. ಬೇರೊಬ್ಬ ಆರೋಗ್ಯವಂತರ ಕೋಶಗಳ ಜೊತೆ ಇಟ್ಟು ನೋಡಿದರು. ಅವರವು ಗಡಿಯಾರದ ಹಾಗೆ. ಅಕ್ಕನವು ಹಾಗಲ್ಲ.

"ಇದೊಂದನ್ನೇ ನೋಡಿ ತೀರ್ಮಾನ ಹೇಳಕ್ಕಾಗಲ್ಲ. ಡಾಕ್ಟರ ಜೊತೆ ಮಾತಾಡ್ತೀನಿ. ಆದರೆ ಅವಳನ್ನ ಕರ್ಕೊಂಡ್ಬನ್ನಿ" ಎಂದರು ಮೇಡಂ.

ಅಕ್ಕನ ಮಗಳು ಕೊಳದಿಂದ ನೇರವಾಗಿ ಬಂದಳು. ಕೂದಲು ಇನ್ನೂ ಒದ್ದೆಯಾಗಿತ್ತು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

"ಇದು ಅಮ್ಮನಾ?"

"ಅಮ್ಮನ ರಕ್ತದಿಂದ ಆಗಿದ್ದು."

"ಹೊಡ್ಕೊತಾ ಇದೆ ಚಿಕ್ಕಮ್ಮ! ಒಂದು, ಎರಡು, ಮೂರು..." ಎಣಿಸುತ್ತಿದ್ದ ದನಿ ನಿಂತುಹೋಯಿತು. "ಚಿಕ್ಕಮ್ಮ, ನಿಂತ್ಬುಡ್ತು."

"ತಡಿ, ಮತ್ತೆ ಶುರುವಾಗುತ್ತೆ" ಎಂದೆ. ಅದನ್ನು ನೂರು ಸಲ ನೋಡಿದ್ದವಳು ನಾನು. ಆದರೂ ಅವಳ ಭುಜ ಹಿಡಿದುಕೊಂಡು, ಅವಳ ಬಾಯಿಂದ 'ನಾಲ್ಕು' ಬರುವವರೆಗೆ ಉಸಿರು ಬಿಡಲಿಲ್ಲ.

ಅವಳು ತಲೆಯೆತ್ತಿದಳು. ಫೋನ್ ತೆಗೆದು ಕೊಳದವರಿಗೆ ಹೇಳಿದಳು: "ಸರ್, ನಾಳೆಯಿಂದ ದಂಡೆ ಮೇಲೆ ನಿಂತು ಹೇಳ್ಕೊಡ್ತೀನಿ. ನೀರಿಗಿಳಿಯಕ್ಕೆ ಬೇರೆ ಯಾರನ್ನಾದ್ರೂ ನೋಡಿ."

ಗೇಟಿನವರೆಗೆ ಅವಳ ಮಣಿಕಟ್ಟು ಹಿಡಿದೇ ನಡೆದೆ. ಮಗುವೇನು ನಾನು ಎಂದು ಅವಳು ರೇಗಲಿಲ್ಲ, ಕೈ ಬಿಡಿಸಿಕೊಳ್ಳಲೂ ಇಲ್ಲ. ನನಗೆ ನಾಡಿ ನೋಡಲು ಬರುವುದಿಲ್ಲ. ಬೆರಳಿನ ಕೆಳಗೆ ಅದು ಹೊಡೆಯುತ್ತಿತ್ತು, ಅಷ್ಟೇ ಗೊತ್ತು. ಪ್ರತಿ ಹೊಡೆತಕ್ಕೂ ಮುಂದಿನದಕ್ಕಾಗಿ ಕಾಯುತ್ತ ನಡೆದೆ.